ಇಂಗ್ಲೆಂಡಿನಲ್ಲಿ ಗೋಧಿ ಬಿಯರ್: ಟ್ಯಾಡ್‌ಕಾಸ್ಟರಿನದೋ, ಕಾರ್ನ್‌ವಾಲಿನದೋ, ಬವೇರಿಯಾದ್ದೋ, ಬೆಲ್ಜಿಯಂನದೋ?

ಸೆಪ್ಟೆಂಬರ್ ಬಂತೆಂದರೆ ನಮ್ಮ ಲೀಡ್ಸ್‌ಗೆ ಕನ್ನಡದ ಹೊಸ ಮುಖಗಳು ಬಂದಿಳಿಯುತ್ತವೆ. ಓದಲು ಬಂದವರು, ಕೆಲಸಕ್ಕೆ ಬಂದವರು. ಬಾಡಿಗೆ ಮನೆ, ಬಸ್ ಪಾಸು, ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತೆ ಅನ್ನೋ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಅಣ್ಣಾ, ಇಲ್ಲಿ ವೀಟ್ ಬಿಯರ್ ಯಾವುದು ಚೆನ್ನಾಗಿರುತ್ತೆ?"

ಈ ಪ್ರಶ್ನೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಶುರುವಾದ ಮೇಲೆ ಊರ ತುಂಬ ಇಂಥ ಬ್ರೂಪಬ್‌ಗಳು ಎದ್ದವು. ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಬಡಿಸುವ ಮಬ್ಬು ಹಳದಿ ಬಿಯರ್ ಒಂದು ತಲೆಮಾರಿನ ನಾಲಿಗೆಗೆ ಹಿಡಿಸಿತು. ಆ ರುಚಿ ಇಟ್ಟುಕೊಂಡು ಇಲ್ಲಿನ ಪಬ್ಬಿಗೆ ಬಂದು ಒಂದು ಪೈಂಟ್ ಬಿಟರ್, ಅಂದರೆ ಇಂಗ್ಲಿಷರ ಕಹಿ ಬಿಯರ್, ತಗೊಂಡರೆ ಮುಖ ಕಿವುಚುತ್ತದೆ. ತಣ್ಣಗಿಲ್ಲ, ನೊರೆ ಕಡಿಮೆ, ಹಾಗಲಕಾಯಿಯ ಕಹಿ. ಬಿಟರ್ ಒಳ್ಳೆಯ ಪಾನೀಯವೇ, ಅದರ ಮಾತು ಬೇರೆ. ಆದರೆ ನೀವು ಹುಡುಕುತ್ತಿದ್ದದ್ದು ಅದಲ್ಲ.

ಇಲ್ಲಿ ಕೈಗೆ ಸಿಗುವ ದಾರಿ ನಾಲ್ಕು. ಟ್ಯಾಡ್‌ಕಾಸ್ಟರಿನ ಸ್ಯಾಮ್ಯುಯೆಲ್ ಸ್ಮಿತ್ ಎಂಬ ಹಳೇ ಸ್ವತಂತ್ರ ಬ್ರೂವರಿಯ ಗೋಧಿ ಬಿಯರ್. ಕಾರ್ನ್‌ವಾಲಿನ ಸೇಂಟ್ ಆಸ್ಟೆಲ್‌ನವರ ಕ್ಲೌಡೆಡ್ ಯೆಲ್ಲೋ. ಜರ್ಮನಿಯ ಬವೇರಿಯಾದ ಹೆಫೆವೈಜನ್‌ಗಳು, ಅಂದರೆ ಯೀಸ್ಟ್ ಸೋಸದ ಗೋಧಿ ಬಿಯರ್‌ಗಳು. ಕೊನೆಗೆ ಬೆಲ್ಜಿಯಂನ ಹೂಗಾರ್ಡನ್. ನಾಲ್ಕಕ್ಕೂ ಗೋಧಿ ಬಿಯರ್ ಅಂತಲೇ ಹೆಸರು. ನಾಲ್ಕೂ ಬೇರೆ ಬೇರೆ.

ಮೊದಲು ಏನು ನೋಡಬೇಕು

ಯೀಸ್ಟ್ ನೋಡಬೇಕು. ಗೋಧಿಗಿಂತ ಯೀಸ್ಟ್‌ದೇ ಜಾಸ್ತಿ ಕೈವಾಡ. ಗೋಧಿ ಕೊಡುವುದು ಮೈ ಮತ್ತು ನೊರೆ. ಅದರಲ್ಲಿ ಪ್ರೋಟೀನ್ ಜಾಸ್ತಿ ಇರುವುದರಿಂದ ನೊರೆ ದಪ್ಪಗೆ ನಿಲ್ಲುತ್ತದೆ, ಬಿಯರ್ ಮಬ್ಬಾಗುತ್ತದೆ. ಗೋಧಿಗೆ ಬಾರ್ಲಿಯ ಹಾಗೆ ಹೊಟ್ಟು ಇರುವುದಿಲ್ಲ. ಬರೀ ಗೋಧಿ ಹಾಕಿದರೆ ಗಂಜಿಯಾಗಿ ಕೂತುಬಿಡುತ್ತದೆ, ರಸ ಸೋಸಿ ಇಳಿಯುವುದಿಲ್ಲ. ಹಾಗಾಗಿ ಹೆಚ್ಚಿನವರು ಬಾರ್ಲಿ ಬೆರೆಸಿಯೇ ಮಾಡುತ್ತಾರೆ. ಜರ್ಮನಿಯಲ್ಲಿ ಮಾಲ್ಟಿನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಲ್ಲಿ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಗೋಧಿ ಇರಲೇಬೇಕು ಅಂತ ನಿಯಮವೇ ಇದೆ.

ಆದರೆ ಮೂಗಿಗೆ ಬರುವ ವಾಸನೆ ಯೀಸ್ಟಿನದು. ಬವೇರಿಯಾದ ಯೀಸ್ಟ್ ಸಕ್ಕರೆ ತಿನ್ನುತ್ತಾ ಐಸೊಅಮೈಲ್ ಅಸಿಟೇಟ್ ಎಂಬ ವಸ್ತು ಬಿಡುತ್ತದೆ. ಬೇಕರಿಯವರು ಬಳಸುವ ಬಾಳೆಹಣ್ಣಿನ ಎಸೆನ್ಸ್‌ನಲ್ಲಿರುವುದೂ ಇದೇ. ಜೊತೆಗೆ ಲವಂಗದ ವಾಸನೆ ಕೊಡುವ ಇನ್ನೊಂದು ವಸ್ತುವೂ ಹುಟ್ಟುತ್ತದೆ. ಯಾರೂ ಬಾಳೆಹಣ್ಣು ಹಾಕಿರುವುದಿಲ್ಲ, ಲವಂಗ ಹಾಕಿರುವುದಿಲ್ಲ. ಬೆಲ್ಜಿಯಂ ದಾರಿ ಬೇರೆ. ಅವರು ಮೊಳಕೆ ಬರಿಸದ ಗೋಧಿ ಬಳಸುತ್ತಾರೆ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೇ ಹಾಕುತ್ತಾರೆ.

ನಿಮಗೆ ಟಾಯ್ಟ್ ವೈಸ್ ಇಷ್ಟವಾಗಿತ್ತೇ? ನಿಮ್ಮ ನಾಲಿಗೆ ಬವೇರಿಯಾ ಕಡೆಯದು. ಬಿರಾ 91 ವೈಟ್ ಇಷ್ಟವಿತ್ತೇ? ನೀವು ಬೆಲ್ಜಿಯಂ ಕಡೆಯವರು. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು ನಮ್ಮಲ್ಲಿ ಅನೇಕರಿಗೆ ಮೊದಲನೆಯದಾಗಬೇಕಾದ ವಿಷಯ. ಬಿಯರಿನಲ್ಲಿ ಮೀನು! ದಾವಣಗೆರೆ ಕಡೆಯ ಗೆಳೆಯರೊಬ್ಬರು ಇಲ್ಲಿ ಎರಡು ವರ್ಷ ನಿಶ್ಚಿಂತೆಯಿಂದ ಬಿಟರ್ ಕುಡಿದಿದ್ದರು. ಈ ವಿಷಯ ನಾನು ಹೇಳಿದ ದಿನ ಗ್ಲಾಸು ಮೇಜಿನ ಮೇಲಿಟ್ಟು ಸುಮ್ಮನೆ ಕೂತುಬಿಟ್ಟರು. ಆ ಮುಖ ನನಗೆ ಮರೆಯುವುದಿಲ್ಲ. ಪೀಪಾಯಿಯಲ್ಲೇ ಮಾಗುವ ಇಂಗ್ಲೆಂಡಿನ ಕ್ಯಾಸ್ಕ್ ಬಿಯರನ್ನು ತಿಳಿಯಾಗಿಸಲು ಐಸಿಂಗ್ಲಾಸ್ ಹಾಕುವುದು ಹಳೇ ಪದ್ಧತಿ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಪೀಪಾಯಿಯ ತಳಕ್ಕೆ ಯೀಸ್ಟನ್ನು ಎಳೆದುಕೊಂಡು ಕೂರುತ್ತದೆ, ಗ್ಲಾಸಿಗೆ ಬರುವುದು ತೀರಾ ಕಡಿಮೆ. ಆದರೂ ಸಸ್ಯಾಹಾರಿಗಳಿಗೆ ಹೇಳದೆ ಇರುವುದು ತಪ್ಪು ಅಂತ ನನ್ನ ಭಾವನೆ. ಮಬ್ಬಾದ ಗೋಧಿ ಬಿಯರಿಗೆ ಈ ತಿಳಿ ಮಾಡುವ ಕೆಲಸವೇ ಬೇಕಿಲ್ಲ. ಹಾಗಂತ ಊಹೆಯ ಮೇಲೆ ಹೋಗಬೇಡಿ. ಬಾಟಲಿಯ ಮೇಲೆ ವೀಗನ್ (ಪ್ರಾಣಿಮೂಲದ್ದು ಏನೂ ಇಲ್ಲ ಅನ್ನುವ) ಗುರುತು ನೋಡಿ, ಪಬ್ಬಿನಲ್ಲಿ ಬಾಯಿಬಿಟ್ಟು ಕೇಳಿ. ಇಲ್ಲಿ ಇದನ್ನು ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಮೂರನೆಯದು ಅಮಲಿನ ಏರು. ನೊರೆ ಮೆತ್ತಗಿದೆ, ಕಹಿಯಿಲ್ಲ ಅಂತ ಗೋಧಿ ಬಿಯರನ್ನು ಹಗುರ ಅಂದುಕೊಳ್ಳುತ್ತಾರೆ. ಅದು ತಪ್ಪು. ಇಲ್ಲಿನ ಸಾಮಾನ್ಯ ಬಿಟರ್‌ನಲ್ಲಿ ಆಲ್ಕೋಹಾಲ್ ಶೇ 4ರ ಆಸುಪಾಸು, ಬವೇರಿಯಾದ್ದು ಶೇ 5.4. ಬ್ರಿಟನ್ನಿನಲ್ಲಿ ಮದ್ಯವನ್ನು ಯೂನಿಟ್‌ನಲ್ಲಿ ಅಳೆಯುತ್ತಾರೆ, ಒಂದು ಯೂನಿಟ್ ಅಂದರೆ 10 ಮಿಲಿ ಶುದ್ಧ ಆಲ್ಕೋಹಾಲ್. ವಾರಕ್ಕೆ 14 ದಾಟಬೇಡಿ, ಅದನ್ನೂ ಒಂದೇ ದಿನಕ್ಕೆ ಸುರಿದುಕೊಳ್ಳಬೇಡಿ ಅಂತ ಇಲ್ಲಿನ ವೈದ್ಯರ ಸಲಹೆ. ಶೇ 5ರ ಒಂದು ಪೈಂಟಿನಲ್ಲಿ, ಅಂದರೆ 568 ಮಿಲಿಯಲ್ಲಿ, 2.8 ಯೂನಿಟ್ ಆಯಿತು. ಶೇ 5.4ರ ಅರ್ಧ ಲೀಟರ್ ಬಾಟಲಿಯಲ್ಲಿ 2.7. ಐದು ಬಾಟಲಿಗೆ ವಾರದ ಲೆಕ್ಕ ಮುಗಿಯುತ್ತದೆ. ಕಾರ್ ತಂದಿದ್ದರೆ ಇದ್ಯಾವ ಲೆಕ್ಕವೂ ಬೇಡ, ಕುಡಿಯಲೇಬೇಡಿ.

ನಾಲ್ಕನೆಯದು ದುಡ್ಡು ಮತ್ತು ಜಾಗ. ಪಬ್ಬಿನ ಒಂದು ಪೈಂಟಿನ ದುಡ್ಡಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಎರಡು ಬಾಟಲಿ ಬಂದುಬಿಡುತ್ತವೆ. ಆದರೆ ಪಬ್ಬಿನಲ್ಲಿ ಕೊಡುವ ದುಡ್ಡು ಬರೀ ಬಿಯರಿಗಲ್ಲ. ಚಳಿಗಾಲದ ಸಂಜೆ ನಾಲ್ಕಕ್ಕೇ ಕತ್ತಲಾಗುವ ಈ ಊರಿನಲ್ಲಿ ಬೆಚ್ಚಗಿನ ಮೂಲೆಯೊಂದರಲ್ಲಿ ಜನರ ನಡುವೆ ಕೂರುವುದಕ್ಕೂ ಸೇರಿ ಕೊಡುತ್ತೀರಿ.

ಯಾರ ಬ್ರೂವರಿ ಎನ್ನುವುದೂ ನನಗೆ ಮುಖ್ಯ. ನಿಮಗೆ ಆಗದಿದ್ದರೂ ಪರವಾಗಿಲ್ಲ, ಗೊತ್ತಿದ್ದು ಕುಡಿಯಿರಿ.

ಟ್ಯಾಡ್‌ಕಾಸ್ಟರಿನದು

ಲೀಡ್ಸ್‌ನಿಂದ ಯಾರ್ಕ್ ಕಡೆ ಹೋಗುವ ಕೋಸ್ಟ್‌ಲೈನರ್ ಬಸ್ ಹತ್ತಿದರೆ ದಾರಿಯಲ್ಲೇ ಟ್ಯಾಡ್‌ಕಾಸ್ಟರ್ ಸಿಗುತ್ತದೆ. ಪುಟ್ಟ ಊರು. ಬಸ್ ಇಳಿಯುವಾಗಲೇ ಮೂಗಿಗೆ ಮಾಲ್ಟ್ ಬೇಯುವ ವಾಸನೆ. ರಾಗಿ ಅಂಬಲಿ ಕುದಿಯುವಾಗ ಬರುತ್ತಲ್ಲ, ಅದಕ್ಕೆ ಸ್ವಲ್ಪ ಬೆಲ್ಲ ಸೇರಿದ ಹಾಗೆ. ಇಲ್ಲಿ 1758ರಿಂದ ನಡೆಯುತ್ತಿರುವ ಓಲ್ಡ್ ಬ್ರೂವರಿಯೇ ಸ್ಯಾಮ್ಯುಯೆಲ್ ಸ್ಮಿತ್. ಯಾರ್ಕ್‌ಷೈರಿನ ಅತಿ ಹಳೆಯ ಬ್ರೂವರಿ. ಇವತ್ತಿಗೂ ಕುಟುಂಬದ ಕೈಯಲ್ಲೇ ಇದೆ. ಬಿಯರಿಗೆ ನೀರು ಅದೇ ಹಳೇ ಬಾವಿಯದು, ಏಲ್ ಎಂಬ ಇಂಗ್ಲಿಷ್ ಶೈಲಿಯ ಬಿಯರ್‌ಗಳು ಹುಳಿಯುವುದು ಸ್ಲೇಟ್ ಕಲ್ಲಿನ ಚೌಕ ತೊಟ್ಟಿಗಳಲ್ಲಿ. ಊರೊಳಗಿನ ಪಬ್ಬುಗಳಿಗೆ ದೊಡ್ಡ ಶೈರ್ ಕುದುರೆಗಳ ಗಾಡಿಯಲ್ಲಿ ಪೀಪಾಯಿ ಹೋಗುವುದನ್ನು ನೋಡಿದರೆ ಮೈಸೂರಿನ ಟಾಂಗಾ ನೆನಪಾಗುತ್ತದೆ. ಹೆಸರಿನ ಗೊಂದಲ ಬೇಡ. ಪಕ್ಕದಲ್ಲೇ ಇರುವ ಜಾನ್ ಸ್ಮಿತ್ಸ್ ಬೇರೆ. ಅದು ಹೈನಕೆನ್ ಕಂಪನಿಯದು.

ಇವರ ಗೋಧಿ ಬಿಯರ್ ಶೇ 5ರ ಆಸುಪಾಸಿನದು. ಪಬ್ಬಿನ ನಲ್ಲಿಯಿಂದ ಬರುವುದು ಕ್ಯಾಸ್ಕ್ ಅಲ್ಲ, ಕೆಗ್. ಅಂದರೆ ತಣ್ಣಗೆ, ಗಾಳಿ ತುಂಬಿಕೊಂಡು ಬರುತ್ತದೆ. ನಾನು ಮೊದಲ ಸಲ ಕೇಳಿದಾಗ ಕೌಂಟರಿನ ಹಿಂದಿದ್ದ ಹಿರಿಯ ಹೆಂಗಸು ಗ್ಲಾಸನ್ನು ಓರೆ ಹಿಡಿದು ಮುಕ್ಕಾಲು ತುಂಬಿಸಿದರು. ನಲ್ಲಿ ನಿಲ್ಲಿಸಿ, ನೊರೆ ಕೂರಲಿ ಅಂತ ಪಕ್ಕಕ್ಕಿಟ್ಟು ಇನ್ನೊಬ್ಬರ ಚಿಲ್ಲರೆ ಎಣಿಸಿದರು. ಆಮೇಲೆ ಬಂದು ಮೇಲಿನ ಎರಡು ಬೆರಳು ತುಂಬಿಸಿ ನನ್ನ ಮುಂದಿಟ್ಟರು. ಮಜ್ಜಿಗೆಗೆ ಅರಿಶಿನ ಒಂದು ಚಿಟಿಕೆ ಬಿದ್ದ ಬಣ್ಣ. ಬಾಳೆಹಣ್ಣು ಇದೆ, ಆದರೆ ಕೂಗುವುದಿಲ್ಲ. ಲವಂಗ ಕೊನೆಯಲ್ಲಿ ಒಂದಿಷ್ಟು. ಬವೇರಿಯಾದ್ದು ಹಬ್ಬದೂಟ ಆದರೆ ಇದು ಮನೆಯ ಅನ್ನ ಸಾರು. ಎರಡನೇ ಗ್ಲಾಸಿನ ಹೊತ್ತಿಗೂ ಬೇಸರ ಬರಿಸುವುದಿಲ್ಲ.

ಇದರ ಪರವಾಗಿ ಇನ್ನೆರಡು ಮಾತು. ಕ್ಯಾಸ್ಕಿನ ಓಲ್ಡ್ ಬ್ರೂವರಿ ಬಿಟರ್, ಯಾರ್ಕ್‌ಷೈರ್ ಸ್ಟಿಂಗೊ ಬಿಟ್ಟರೆ ಇವರ ಬಿಯರ್‌ಗಳು ವೀಗನ್ ಸೊಸೈಟಿಯಲ್ಲಿ ನೋಂದಾಯಿಸಿದವು. ನನ್ನ ದಾವಣಗೆರೆ ಗೆಳೆಯರು ಈಗ ಇಲ್ಲಿ ನೆಮ್ಮದಿಯಾಗಿ ಕೂರುತ್ತಾರೆ. ಇನ್ನೊಂದು ಬೆಲೆ. ಲಂಡನ್ನಿನ ನಟ್ಟನಡುವೆ, ಫ್ಲೀಟ್ ಸ್ಟ್ರೀಟಿನ ಯೆ ಓಲ್ಡ್ ಚೆಷೈರ್ ಚೀಸ್, ಹೋಬರ್ನ್‌ನ ಪ್ರಿನ್ಸೆಸ್ ಲೂಯೀಸ್ ಥರದ ಚೆಂದದ ಹಳೇ ಪಬ್ಬುಗಳು ಇವರವೇ. ಅಕ್ಕಪಕ್ಕದ ಪಬ್ಬುಗಳಿಗೆ ಹೋಲಿಸಿದರೆ ಇವರಲ್ಲಿ ಕೈಗೆ ಬೀಳುವ ಬಿಲ್ಲು ಹಗುರ ಅಂತ ನನ್ನ ಅನುಭವ.

ಬಿಟ್ಟುಕೊಡಬೇಕಾದದ್ದೂ ಇದೆ. ಈ ಬಿಯರಿಗೆ ನೀವೇ ಅವರ ಪಬ್ಬಿಗೆ ಹೋಗಬೇಕು. ಎಲ್ಲ ಪಬ್ಬಿನಲ್ಲೂ ಈ ನಲ್ಲಿ ಇರುವುದಿಲ್ಲ, ಕೂರುವ ಮುಂಚೆ ಕೌಂಟರ್ ನೋಡಿ. ಅಲ್ಲಿ ಬಹುತೇಕ ಅವರದೇ ಸರಕು. ಜೊತೆಗೆ ಬಂದವರಿಗೆ ಬೇರೆ ಬ್ರ್ಯಾಂಡ್ ಬೇಕೆಂದರೆ ಕಷ್ಟ. ಹಾಡಿಲ್ಲ, ಟಿವಿಯಿಲ್ಲ, ಮೊಬೈಲಿಗೂ ತಡೆ. ಐಪಿಎಲ್ ನೋಡುವ ಗುಂಪಿಗೆ ಇದು ಜಾಗವಲ್ಲ. ಬಹಳ ದಿನದ ಮೇಲೆ ಸಿಕ್ಕ ಗೆಳೆಯನ ಜೊತೆ ಮನಸು ಬಿಚ್ಚಿ ಮಾತಾಡಬೇಕು ಅಂದರೆ ಇದಕ್ಕಿಂತ ಒಳ್ಳೆ ಜಾಗ ನಾನು ಈ ದೇಶದಲ್ಲಿ ಕಂಡಿಲ್ಲ.

ಕಾರ್ನ್‌ವಾಲಿನದು

ಸೇಂಟ್ ಆಸ್ಟೆಲ್ ಕೂಡ ಸ್ವತಂತ್ರ, ಕುಟುಂಬದ ಬ್ರೂವರಿ. 1851ರಲ್ಲಿ ವಾಲ್ಟರ್ ಹಿಕ್ಸ್ ಶುರು ಮಾಡಿದ್ದು. ಅವರ ಟ್ರಿಬ್ಯೂಟ್ ಏಲ್ ದೇಶದ ತುಂಬ ಹೆಸರು ಮಾಡಿದೆ. ಕ್ಲೌಡೆಡ್ ಯೆಲ್ಲೋ ಅನ್ನೋದು ಒಂದು ಹಳದಿ ಚಿಟ್ಟೆಯ ಹೆಸರು. ಅದೇ ಹೆಸರಿನ ಈ ಬಾಟಲಿ ಬಿಯರ್ ಶೇ 4.8. ಅಲ್ಲಿ ಬಹಳ ವರ್ಷ ಮುಖ್ಯ ಬ್ರೂವರ್ ಆಗಿದ್ದ ರೋಜರ್ ರೈಮನ್ ಕಟ್ಟಿದ ಬಿಯರ್ ಇದು. ಜರ್ಮನ್ ಗೋಧಿ ಬಿಯರಿನ ರುಚಿಯನ್ನು ಇಂಗ್ಲಿಷ್ ಬ್ರೂವರಿಯಲ್ಲಿ ತರಲು ಅವರು ಸಾಂಬಾರ ಪದಾರ್ಥಗಳನ್ನೇ ಬಳಸಿದರು. ವೆನಿಲ್ಲಾ, ಲವಂಗ, ಕೊತ್ತಂಬರಿ ಬೀಜ.

ಹಾಗಾಗಿ ಇದು ಎರಡೂ ದಾರಿಯ ನಡುವೆ ನಿಂತಿದೆ. ವೆನಿಲ್ಲಾ ಕಾರಣಕ್ಕೆ ಸಿಹಿಯ ಭ್ರಮೆ ಹುಟ್ಟುತ್ತದೆ. ಊಟದ ಜೊತೆಗಿಂತ ಊಟವಾದ ಮೇಲೆ ಚೆಂದ. ಇಂಥ ಸಣ್ಣ ಪ್ರಮಾಣದ ಬಾಟಲಿಗಳು ಯಾವಾಗಲೂ ಸಿಗುತ್ತವೆ ಅನ್ನುವ ಹಾಗಿಲ್ಲ, ಹುಡುಕಿಕೊಂಡು ಊರಾಚೆ ಹೋಗುವ ಮುಂಚೆ ಅಂಗಡಿಗೆ ಒಂದು ಫೋನ್ ಮಾಡಿ. ಬಾಟಲಿಯ ದಿನಾಂಕವನ್ನೂ ನೋಡಿ. ಗೋಧಿ ಬಿಯರ್ ಹಳತಾದಷ್ಟೂ ಸೊರಗುತ್ತದೆ. ಒಂದು ಅಂಗಡಿಯಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟಿದ್ದ ಗೋಧಿ ಬಿಯರ್ ಬಾಟಲಿ ತಂದು ನಾನು ಒಮ್ಮೆ ಸೋತಿದ್ದೇನೆ. ಒದ್ದೆ ರಟ್ಟಿನ ವಾಸನೆ ಬಿಟ್ಟರೆ ಏನೂ ಉಳಿದಿರಲಿಲ್ಲ.

ಬವೇರಿಯಾದ್ದು

ರುಚಿಯೊಂದೇ ಅಳತೆಗೋಲು ಅಂದರೆ ನಾನು ಸುತ್ತುಬಳಸಿ ಹೇಳುವುದಿಲ್ಲ. ಗೆಲ್ಲುವುದು ಇದೇ. ವೈಹೆನ್‌ಸ್ಟೆಫಾನರ್ ಶೇ 5.4, ಬವೇರಿಯಾ ರಾಜ್ಯ ಸರ್ಕಾರದ್ದೇ ಬ್ರೂವರಿ, ತನ್ನ ಹುಟ್ಟು 1040 ಅಂತ ಬಾಟಲಿಯ ಮೇಲೆ ಬರೆದುಕೊಂಡಿದೆ. ಗ್ಲಾಸಿಗೆ ಹುಯ್ದ ತಕ್ಷಣ ಮಾಗಿದ ಬಾಳೆಗೊನೆ ಇರುವ ಕೋಣೆಯ ಬಾಗಿಲು ತೆಗೆದ ಹಾಗೆ. ಷ್ನೈಡರ್ ವೈಸೆಯ ಒರಿಜಿನಲ್ ಕೂಡ ಶೇ 5.4, ಆದರೆ ಬಣ್ಣ ಕಂದು, ಲವಂಗ ಮುಂದು. 1872ರಲ್ಲಿ ಗೋಧಿ ಬಿಯರ್ ಜನರಿಗೆ ಬೇಡವಾಗಿದ್ದಾಗ, ಅದುವರೆಗೆ ರಾಜಮನೆತನದ ಕೈಯಲ್ಲಿದ್ದ ಹಕ್ಕನ್ನು ಜಾರ್ಜ್ ಷ್ನೈಡರ್ ಎರಡನೇ ಲುಡ್ವಿಗ್ ದೊರೆಯಿಂದ ಪಡೆದು ಉಳಿಸಿಕೊಂಡರು. ಅದೇ ಮನೆತನ ಇವತ್ತೂ ಕೆಲ್‌ಹೈಮ್‌ನಲ್ಲಿ ಮಾಡುತ್ತಿದೆ. ಹಳೆಯದು, ಸ್ವತಂತ್ರವಾದದ್ದು ಬೇಕು ಅನ್ನುವವರಿಗೆ ಇಂಗ್ಲೆಂಡಿನ ಆಚೆಯ ಉತ್ತರ ಇದು. ಎರ್ಡಿಂಗರ್ ಶೇ 5.3, ಮೂರರಲ್ಲಿ ಸೌಮ್ಯ, ಸೂಪರ್‌ಮಾರ್ಕೆಟ್ಟಿನಲ್ಲಿ ಸುಲಭವಾಗಿ ಸಿಗುವುದೂ ಅದೇ.

ಹುಯ್ಯುವುದರಲ್ಲಿ ಅರ್ಧ ರುಚಿ ಇದೆ. ಉದ್ದ ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದು, ಒರೆಸದೆ, ಓರೆ ಹಿಡಿಯಿರಿ. ನಿಧಾನವಾಗಿ ಹುಯ್ದು ಬಾಟಲಿಯಲ್ಲಿ ಎರಡು ಬೆರಳಷ್ಟು ಬಿಡಿ. ಬಾಟಲಿಯನ್ನು ಅಡ್ಡ ಹಿಡಿದು ಗುಂಡಗೆ ಆಡಿಸಿ, ತಳದ ಗಸಿ ಎದ್ದು ನೊರೆಯ ಜೊತೆ ಬೆರೆಯಬೇಕು. ಆಮೇಲೆ ಅದನ್ನೂ ಗ್ಲಾಸಿಗೆ ಹಾಕಿ. ಅದು ಯೀಸ್ಟ್, ಕೊಳೆಯಲ್ಲ, ಚೆಲ್ಲಬೇಡಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟರೆ ವಾಸನೆ ಬಿಚ್ಚಿಕೊಳ್ಳುತ್ತದೆ.

ಬೆಲ್ಜಿಯಂನದು

ಹೂಗಾರ್ಡನ್ ಒಂದು ಊರಿನ ಹೆಸರು. 1950ರ ದಶಕದಲ್ಲಿ ಆ ಊರಿನ ಕೊನೆಯ ಬಿಳಿ ಬಿಯರ್ ಬ್ರೂವರಿ ಬಾಗಿಲು ಹಾಕಿತು. ಹುಡುಗನಾಗಿದ್ದಾಗ ಅಲ್ಲಿ ಕೈ ಸಹಾಯಕ್ಕೆ ಹೋಗುತ್ತಿದ್ದ ಪಿಯೆರ್ ಸೆಲಿಸ್ ಎಂಬ ಹಾಲು ಮಾರುವವರು 1960ರ ದಶಕದಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟರು. 1985ರಲ್ಲಿ ಬ್ರೂವರಿಗೆ ಬೆಂಕಿ ಬಿತ್ತು. ಮತ್ತೆ ಕಟ್ಟಲು ದುಡ್ಡು ಬಂದದ್ದು ದೊಡ್ಡ ಕಂಪನಿಯಿಂದ, ಕೊನೆಗೆ ಬ್ರೂವರಿಯೂ ಅವರದೇ ಆಯಿತು. ಈಗ ಅದು ಎಬಿ ಇನ್‌ಬೆವ್. 2005ರಲ್ಲಿ ಆ ಕಂಪನಿ ಊರಿನಿಂದಲೇ ಬಿಯರನ್ನು ಎತ್ತಂಗಡಿ ಮಾಡಲು ಹೊರಟಿತ್ತು. ಊರ ಜನ ಬೀದಿಗಿಳಿದರು, 2007ರಲ್ಲಿ ನಿರ್ಧಾರ ವಾಪಸಾಯಿತು. ಯಾರ ಬ್ರೂವರಿ ಅಂತ ನಾನು ಕೇಳುವುದು ಈ ಕಾರಣಕ್ಕೆ. ಸ್ಮಿತ್ ಕುಟುಂಬದಲ್ಲೂ ಹಟ, ತಪ್ಪು ಎಲ್ಲಾ ಇರಬಹುದು. ಆದರೆ ಆ ಬಿಯರಿನ ತೀರ್ಮಾನ ಆ ಊರಲ್ಲೇ ಆಗುತ್ತದೆ.

ಬಿಯರ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಶೇ 4.9. ಕಿತ್ತಳೆ ಸಿಪ್ಪೆ, ಕೊತ್ತಂಬರಿ, ತಿಳಿ ಹುಳಿ. 330 ಮಿಲಿ ಬಾಟಲಿಯಲ್ಲಿ 1.6 ಯೂನಿಟ್ ಮಾತ್ರ. ಒಂದು ಕುಡಿದು ಎದ್ದು ಹೋಗುವವರಿಗೆ ಈ ಅಳತೆ ಸರಿ. ನಿಂಬೆ ಹೋಳು ಹಾಕಿ ಕೊಟ್ಟರೆ ತೆಗೆದಿಡಿ, ನೊರೆ ಬೇಗ ಒಡೆಯುತ್ತದೆ.

ಯಾರಿಗೆ ಯಾವುದು

ಊಟದಿಂದ ಶುರು ಮಾಡೋಣ. ಖಾರದ ಜೊತೆ ಕಹಿ ಬಿಯರ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಗೋಧಿ ಬಿಯರಿನಲ್ಲಿ ಕಹಿ ಕೊಡುವ ಹಾಪ್ಸ್ ಹೂವು ಕಡಿಮೆ, ಹಾಗಾಗಿ ನಮ್ಮ ತಿಂಡಿಗೆ ಹೇಳಿ ಮಾಡಿಸಿದ್ದು. ಮೆಣಸಿನಕಾಯಿ ಬಜ್ಜಿ, ಕೋಡುಬಳೆ, ಕೋಳಿ ಸುಕ್ಕ ಇದ್ದರೆ ಬವೇರಿಯಾದ್ದು. ನೀರುದೋಸೆ, ಮೀನು ಫ್ರೈ, ನಿಂಬೆ ಹಿಂಡಿದ ಯಾವುದೇ ಅಡುಗೆಗೆ ಹೂಗಾರ್ಡನ್. ಬರೀ ಕಡಲೆಕಾಯಿ, ಬರೀ ಮಾತು ಅಂದರೆ ಸ್ಯಾಮ್ಯುಯೆಲ್ ಸ್ಮಿತ್.

ವಿದ್ಯಾರ್ಥಿಗಳೇ, ವಾರಕ್ಕೆ ಇಷ್ಟೇ ದುಡ್ಡು ಅಂತ ಲೆಕ್ಕ ಇಟ್ಟಿದ್ದೀರಲ್ಲ, ಮನೆಗೆ ಒಂದು ಎರ್ಡಿಂಗರ್ ಬಾಟಲಿ ತನ್ನಿ. ಗ್ಲಾಸ್ ಮಾತ್ರ ಒಳ್ಳೆಯದಿರಲಿ, ಚಾರಿಟಿ ಅಂಗಡಿಗಳಲ್ಲಿ ಉದ್ದದ ವೈಸ್ ಗ್ಲಾಸು ಚಿಲ್ಲರೆ ಕಾಸಿಗೆ ಸಿಗುತ್ತದೆ. ತಿಂಗಳಿಗೊಮ್ಮೆ ಸ್ಮಿತ್ ಪಬ್ಬಿಗೆ ಹೋಗಿ. ಪಾಸ್‌ಪೋರ್ಟ್ ಅಥವಾ ಲೈಸೆನ್ಸ್ ಜೇಬಿನಲ್ಲಿರಲಿ. ಇಲ್ಲಿ 18 ತುಂಬಿದರೆ ಸಾಕು, ಆದರೆ 25ರೊಳಗಿನವರಂತೆ ಕಂಡರೆ ಗುರುತು ಕೇಳುತ್ತಾರೆ.

ಸಸ್ಯಾಹಾರಿಗಳಿಗೆ ನನ್ನ ಮೊದಲ ಮಾತು ಟ್ಯಾಡ್‌ಕಾಸ್ಟರಿನದೇ. ಊರಿಂದ ಬಂದ ಅಪ್ಪನನ್ನೋ ಮಾವನನ್ನೋ ಕರೆದುಕೊಂಡು ಹೋಗುವವರಿಗೂ ಅದೇ. ಒಂದು ಹಾಫ್ ಹೇಳಿ, ಪೂರ್ತಿ ಪೈಂಟ್ ಬೇಡ. ಗೋಧಿ ಆಗದವರು, ಸೀಲಿಯಾಕ್ (ಗ್ಲುಟೆನ್ ಆಗದ ಕಾಯಿಲೆ) ಇರುವವರು ಈ ನಾಲ್ಕನ್ನೂ ಮುಟ್ಟಬಾರದು. ಅಮಲು ಬೇಡ, ರುಚಿ ಮಾತ್ರ ಬೇಕು ಅನ್ನುವವರಿಗೆ ಆಲ್ಕೋಹಾಲ್ ಬಹುತೇಕ ಇಲ್ಲದ ಎರ್ಡಿಂಗರ್‌ನ ಆಲ್ಕೋಹಾಲ್‌ಫ್ರೈ ಇದೆ. ಗುಂಪಿನಲ್ಲಿ ಕಾರ್ ಓಡಿಸುವವರ ಕೈಗೆ ನಾನು ಕೊಡುವುದು ಅದನ್ನೇ, ಅದೇ ಉದ್ದ ಗ್ಲಾಸಿನಲ್ಲಿ.

ಈ ಸಲ ಬಂದ ಹುಡುಗರಲ್ಲಿ ಇಬ್ಬರಿಗೆ ತೀರ್ಮಾನವೇ ಆಗಲಿಲ್ಲ. ಶನಿವಾರ ನಮ್ಮ ಮನೆಗೆ ಬನ್ನಿ ಅಂದಿದ್ದೇನೆ. ವೈಹೆನ್‌ಸ್ಟೆಫಾನರ್ ಒಂದು, ಹೂಗಾರ್ಡನ್ ಒಂದು ಫ್ರಿಜ್ಜಿನಲ್ಲಿವೆ, ಬಜ್ಜಿಗೆ ಮೆಣಸಿನಕಾಯಿ ತಂದಿದ್ದಾಗಿದೆ. ಎರಡರಿಂದ ಒಂದೊಂದು ಪುಟ್ಟ ಲೋಟ ರುಚಿ ನೋಡಲಿ. ಭಾನುವಾರ ಮಧ್ಯಾಹ್ನ ಮೂವರೂ ಕೋಸ್ಟ್‌ಲೈನರ್ ಹತ್ತಿ ಟ್ಯಾಡ್‌ಕಾಸ್ಟರಿಗೆ ಹೋಗುವುದು ಅಂತ ಮಾತಾಗಿದೆ.